‘ಕೇಸು ಮುಗಿದಿದೆ ಸಾರ್’ ಅಂದಾಗ ನಾನು ಮೊದಲು ಕೇಳುವ ಕಾಗದ

ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನಗೆ ಕಕ್ಷಿದಾರರಿಂದ ಆಗಾಗ ಬರುವ ಪ್ರಶ್ನೆ ಇದು: “ಆ ಕೇಸು ಆಗಲೇ ಮುಗಿದಿದೆ ಸಾರ್, ಮತ್ತೆ ಹಾಕೋಕೆ ಬರಲ್ಲ ಅಲ್ವಾ?” ಅದು ಹೇಗೆ ಮುಗಿಯಿತು ಅಂತ ನೋಡದೆ ನಾನು ಹೂಂ ಅನ್ನುವುದಿಲ್ಲ. ಮೊದಲು ಹಳೆಯ ಆದೇಶದ ಸರ್ಟಿಫೈಡ್ ಕಾಪಿ ತರಿಸುತ್ತೇನೆ.

ಒಬ್ಬ ಅಂಗಡಿ ಕೆಲಸಗಾರನ ಮೇಲೆ ಗಲ್ಲಾಪೆಟ್ಟಿಗೆಯ ಹಣ ಕದ್ದನೆಂದು ಕೇಸಾಗಿತ್ತು. ಸಾಕ್ಷಿಗಳ ವಿಚಾರಣೆ ನಡೆದು ಖುಲಾಸೆಯಾಯಿತು. ಮಾಲೀಕರು ಸುಮ್ಮನಾಗಲಿಲ್ಲ. ನಂಬಿಕೆ ದ್ರೋಹ ಅಂತ ನೇರವಾಗಿ ಕೋರ್ಟಿಗೇ ಖಾಸಗಿ ದೂರು ಹಾಕಿದರು. ಎರಡೂ ದೂರುಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಅದೇ ದಿನ, ಅದೇ ಗಲ್ಲಾಪೆಟ್ಟಿಗೆ, ಅದೇ ಮೊತ್ತ. ಬದಲಾಗಿದ್ದು ಸೆಕ್ಷನ್ ನಂಬರು ಮಾತ್ರ.

ಒಮ್ಮೆ ವಿಚಾರಣೆ ಮುಗಿದು ತೀರ್ಪಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಮಾಡುವಂತಿಲ್ಲ ಅನ್ನುವುದು ಸಿಆರ್‌ಪಿಸಿಯ (ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ) 300ನೇ ಸೆಕ್ಷನ್. ಅದರ ಕೆಳಗೆ ಕೊಟ್ಟಿರುವ ಮೊದಲ ಉದಾಹರಣೆಯೇ ಇಂಥದ್ದು. ನೌಕರನಾಗಿದ್ದು ಕದ್ದ ಆರೋಪದಿಂದ ಖುಲಾಸೆಯಾದವನ ಮೇಲೆ ಅದೇ ಸಂಗತಿಗೆ ನಂಬಿಕೆ ದ್ರೋಹದ ಆರೋಪ ಹೊರಿಸುವಂತಿಲ್ಲ. ಸಿಆರ್‌ಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ) ಇದು 337ನೇ ಸೆಕ್ಷನ್. ಅದನ್ನೇ ತೋರಿಸಿ ಅರ್ಜಿ ಹಾಕಿದೆ, ಮಾಲೀಕರ ದೂರು ಬಿದ್ದುಹೋಯಿತು. ದುಡ್ಡಿರುವವರು ದೂರಿನ ಮೇಲೆ ದೂರು ಹಾಕುತ್ತಾ ಹೋದರೆ, ದಿನಗೂಲಿ ಬಿಟ್ಟು ಕೋರ್ಟಿಗೆ ಅಲೆಯುವವನ ಗತಿ ಏನು? ಈ ಸೆಕ್ಷನ್ ಮೇಲೆ ನನಗೆ ಅಷ್ಟು ಗೌರವ ಇರುವುದು ಅದಕ್ಕೇ.

ಜೂನಿಯರ್ ವಕೀಲರು ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಬೇಡ ಅನ್ನುವ ಸಂವಿಧಾನದ 20(2)ನೇ ವಿಧಿಯನ್ನಷ್ಟೇ ಹಿಡಿದು ವಾದಿಸುತ್ತಾರೆ. ಆ ವಿಧಿಗೆ ಹಿಂದೆ ವಿಚಾರಣೆಯೂ ಆಗಿರಬೇಕು, ಶಿಕ್ಷೆಯೂ ಆಗಿರಬೇಕು. ಖುಲಾಸೆಯಾದವನ ಕೈ ಹಿಡಿಯುವುದು 300ನೇ ಸೆಕ್ಷನ್ನೇ, ಅಂದರೆ ಈಗಿನ 337.

ಇನ್ನು ಬಿ ರಿಪೋರ್ಟ್, ಅಂದರೆ ಕೇಸು ನಡೆಸುವಂಥದ್ದೇನೂ ಇಲ್ಲ ಅಂತ ತನಿಖೆ ಮುಗಿಸಿ ಕೊಡುವ ವರದಿ. ಪೊಲೀಸರು ಬಿ ರಿಪೋರ್ಟ್ ಹಾಕಿದರೆ ನಮ್ಮ ಜನ ನಿರಾಳ ಆಗಿಬಿಡುತ್ತಾರೆ. ಅದು ಖುಲಾಸೆ ಅಲ್ಲ. ಫಿರ್ಯಾದಿ ತಕರಾರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಕೇಸು ಮುಂದುವರಿಸಬಹುದು. ಡಿಸ್ಚಾರ್ಜ್ (ಆರೋಪ ಹೊರಿಸುವ ಮೊದಲೇ ಬಿಡುಗಡೆ) ಕೂಡ ಖುಲಾಸೆ ಅಲ್ಲ ಅಂತ ಆ 300ನೇ ಸೆಕ್ಷನ್ನಿನ ವಿವರಣೆ ನೇರವಾಗಿ ಹೇಳುತ್ತದೆ. ಸರ್ಕಾರಿ ನೌಕರರ ಲಂಚದ ಕೇಸುಗಳಲ್ಲಿ ಇನ್ನೂ ಒಂದು ಹುಷಾರು ಬೇಕು. ಸರಿಯಾದ ಸ್ಯಾಂಕ್ಷನ್ (ಕೇಸು ನಡೆಸಲು ಮೇಲಧಿಕಾರಿಯ ಅನುಮತಿ) ಇಲ್ಲದೆ ನಡೆದ ವಿಚಾರಣೆಗೆ ಈ ರಕ್ಷಣೆ ಸಿಗುವುದಿಲ್ಲ. ಕರ್ನಾಟಕದ್ದೇ ಆದ ನಾಗರಾಜಸ್ವಾಮಿ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು.

ಹಾಗಾಗಿ ಕಾಪಿಗೆ ಅರ್ಜಿ ಹಾಕುವಾಗ ತೀರ್ಪು ಒಂದನ್ನೇ ಕೇಳಬೇಡಿ. ಹಳೆಯ ದೂರು, ಕೋರ್ಟು ಓದಿ ಹೇಳಿದ ಆರೋಪ, ಎರಡನ್ನೂ ಜೊತೆಗೆ ತೆಗೆಸಿ. ಹೊಸ ದೂರಿನ ಪಕ್ಕ ಇಟ್ಟು ನ್ಯಾಯಾಧೀಶರಿಗೆ ತೋರಿಸಬೇಕಾದ್ದು ಅವೇ.