444 ಊರಿಗೆ ಒಂದೇ ಬಾಯಿ

ನಾನು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಒಂದು ಸಣ್ಣ ಮುನಿಸಿಪಾಲಿಟಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರಿನ ಹೆಸರು ಬೇಡ. ಟೊರಾಂಟೊ ದಾಟಿ, ಜೋಳದ ಹೊಲಗಳು ಶುರುವಾದ ಮೇಲೂ ಸುಮಾರು ದೂರ ಬರಬೇಕು ಅಂದುಕೊಳ್ಳಿ. ಊರಿಂದ ಫೋನ್ ಮಾಡುವವರಿಗೆ ಪುರಸಭೆಯಲ್ಲಿ ಕೆಲಸ ಅಂದರೆ ಸಾಕು, ಮುಂದಿನ ಪ್ರಶ್ನೆ ಗಿಂಬಳದ್ದು. ಇಲ್ಲ ಸ್ವಾಮಿ. ಇರುವುದು ಮೋರಿ, ಜಲ್ಲಿ ರಸ್ತೆ, ಹಿಮ ತಳ್ಳುವ ಲಾರಿ, ಮತ್ತೆ ಇವಕ್ಕೆಲ್ಲ ಎಂದೂ ಸಾಕಾಗದ ದುಡ್ಡು.

ಇಲ್ಲಿ ಮುನಿಸಿಪಾಲಿಟಿಗಳದ್ದೇ ಒಂದು ಸಂಘ ಇದೆ. ಅಸೋಸಿಯೇಷನ್ ಆಫ್ ಮುನಿಸಿಪಾಲಿಟೀಸ್ ಆಫ್ ಒಂಟಾರಿಯೊ, ಬಾಯಿಮಾತಲ್ಲಿ ಎಎಂಒ. 1899ರಲ್ಲಿ ಹುಟ್ಟಿದ್ದು. ಹೊರಗಿನಿಂದ ನೋಡಿದರೆ ವರ್ಷಕ್ಕೊಂದು ಸಮಾವೇಶ, ಭಾಷಣ, ಊಟ, ಗ್ರೂಪ್ ಫೋಟೋ. ಕೆಲಸ ನಡೆಯುವುದು ಬೇರೆ ಕಡೆ, ಮತ್ತು ಅದರಲ್ಲಿ ಬಹಳಷ್ಟು ನನ್ನಂಥ ಗುಮಾಸ್ತರ ಎಕ್ಸೆಲ್ ಶೀಟಿನಲ್ಲಿ.

ಸಂಘ ಯಾಕೆ ಬೇಕು? 1867ರ ಸಂವಿಧಾನ ಕಾಯ್ದೆಯ 92ನೇ ವಿಧಿ ಇಲ್ಲಿನ ಮುನಿಸಿಪಾಲಿಟಿಗಳನ್ನು ಪೂರ್ತಿ ಪ್ರಾಂತ್ಯ ಸರ್ಕಾರದ ಕೈಗೆ ಕೊಟ್ಟಿದೆ. ಪ್ರಾಂತ್ಯಕ್ಕೆ ಬೇಕೆಂದರೆ ಊರುಗಳನ್ನು ಸೇರಿಸಬಹುದು, ಒಡೆಯಬಹುದು. 1996ರಲ್ಲಿ 815 ಮುನಿಸಿಪಾಲಿಟಿಗಳಿದ್ದವು, ಈಗ 444. 2018ರಲ್ಲಂತೂ ಜನ ನಾಮಪತ್ರ ಹಾಕಿ ಪ್ರಚಾರ ಮಾಡುತ್ತಿರುವಾಗಲೇ ಟೊರಾಂಟೊ ಕೌನ್ಸಿಲ್‌ನ ಸೀಟುಗಳನ್ನು 47ರಿಂದ 25ಕ್ಕೆ ಇಳಿಸಿಬಿಟ್ಟರು, 2021ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ 74ನೇ ತಿದ್ದುಪಡಿ ನಗರಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟಿದೆ. ಆದರೂ ಬೆಂಗಳೂರಿನ ಪಾಲಿಕೆಗೆ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. ಯಾವುದು ಮೇಲು ಅಂತ ನೀವೇ ನೋಡಿ.

ಹೀಗೆ ಕಾನೂನಿನ ಆಸರೆ ಇಲ್ಲದವರು ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟಿದರೆ ಯಾರೂ ತೆಗೆಯುವುದಿಲ್ಲ. ಮನೆಯೊಂದು ಎಲ್ಲಾ ಸರ್ಕಾರಗಳಿಗೆ ಸೇರಿ ಕಟ್ಟುವ ಪ್ರತಿ ಡಾಲರ್ ತೆರಿಗೆಯಲ್ಲಿ ನಮಗೆ ಸಿಗುವುದು ಸುಮಾರು 9 ಸೆಂಟ್ ಅಂತ ಸಂಘ ಹೇಳುತ್ತಾ ಬಂದಿದೆ. ದಿನದ ಖರ್ಚಿಗೆ ಖೋತಾ ಬಜೆಟ್ ಮಾಡುವ ಹಾಗೂ ಇಲ್ಲ.

ನಮ್ಮ ಆಫೀಸಿನ ಇಮೇಲ್‌ಗೆ ವಾರವಾರವೂ ಬೇರೆ ಊರುಗಳ ಠರಾವುಗಳು ಬಂದು ಬೀಳುತ್ತವೆ. ಇಂಥ ವಿಷಯದಲ್ಲಿ ಪ್ರಾಂತ್ಯ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ನಮ್ಮ ಕೌನ್ಸಿಲ್ ಒತ್ತಾಯಿಸುತ್ತದೆ, ನೀವೂ ಬೆಂಬಲಿಸಿ, ಪ್ರತಿಯನ್ನು ಪ್ರೀಮಿಯರ್‌ಗೆ, ಅಂದರೆ ಇಲ್ಲಿನ ಮುಖ್ಯಮಂತ್ರಿಗೆ, ಕಳಿಸಿ ಅಂತ. ಕೌನ್ಸಿಲ್ ಸಭೆಯಲ್ಲಿ ಅದನ್ನು ಓದುತ್ತಾರೆ, ಕೈ ಎತ್ತುತ್ತಾರೆ, ನಾವೂ ಒಂದು ಪ್ರತಿ ಕಳಿಸುತ್ತೇವೆ. ನಾನು ನೋಡಿದ ಮಟ್ಟಿಗೆ ಇದರಿಂದ ಏನೂ ಅಲುಗಾಡುವುದಿಲ್ಲ. ಸರ್ಕಾರ ಓದುವುದು ಅಂಕಿಗಳನ್ನು. ಪ್ರತಿ ಮುನಿಸಿಪಾಲಿಟಿ ವರ್ಷಕ್ಕೊಮ್ಮೆ ಫೈನಾನ್ಷಿಯಲ್ ಇನ್ಫರ್ಮೇಷನ್ ರಿಟರ್ನ್ ಅಂತ ಒಂದನ್ನು ಪ್ರಾಂತ್ಯಕ್ಕೆ ಸಲ್ಲಿಸಬೇಕು, ಮೇ 31ರ ಗಡುವು, ಶೆಡ್ಯೂಲ್ ಮೇಲೆ ಶೆಡ್ಯೂಲ್, ತುಂಬುವಾಗ ಪ್ರಾಣ ಹೋಗುತ್ತದೆ. ಆದರೆ ಎಲ್ಲಾ ಊರಿನ ಲೆಕ್ಕವೂ ಒಂದೇ ಅಚ್ಚಿನಲ್ಲಿ ಇರುವುದರಿಂದಲೇ ಸಂಘ ಎದ್ದು ನಿಂತು ಇಷ್ಟು ಬಿಲಿಯನ್ ಕೊರತೆ ಇದೆ ಅಂತ ಹೇಳಲು ಆಗುವುದು. ಮಂತ್ರಿ ಅದನ್ನು ಅಲ್ಲಗಳೆಯಬೇಕೆಂದರೆ ತಮ್ಮದೇ ಇಲಾಖೆಯ ಕಡತವನ್ನು ಅಲ್ಲಗಳೆಯಬೇಕು.

2008ರಲ್ಲಿ ಆದದ್ದೇ ಇದು. ಅದಕ್ಕೆ ಹತ್ತು ವರ್ಷ ಹಿಂದೆ ಪ್ರಾಂತ್ಯ ಸರ್ಕಾರ ಸಾಮಾಜಿಕ ನೆರವಿನ ಖರ್ಚಿನ ಒಂದು ಪಾಲನ್ನು ಮುನಿಸಿಪಾಲಿಟಿಗಳ ತಲೆಗೆ ಕಟ್ಟಿತ್ತು. ಮನೆ ಕಂದಾಯದಲ್ಲಿ ಬಡವರ ಮಾಸಾಶನ ಕೊಡಿ ಅಂದ ಹಾಗೆ. ಎಎಂಒ ಮತ್ತು ಟೊರಾಂಟೊ ನಗರ ಪ್ರಾಂತ್ಯದ ಜೊತೆ ಕೂತು ಸಾಲು ಸಾಲಾಗಿ ಲೆಕ್ಕ ಹಾಕಿದ ಮೇಲೆ, 2018ರ ಹೊತ್ತಿಗೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಖರ್ಚನ್ನು ಹಂತಹಂತವಾಗಿ ವಾಪಸ್ ತೆಗೆದುಕೊಳ್ಳುವುದಾಗಿ ಸರ್ಕಾರ ಒಪ್ಪಿತು. ಧರಣಿ ಇಲ್ಲ, ರಸ್ತೆ ತಡೆ ಇಲ್ಲ. ಹೊಡೆದಾಟವೆಲ್ಲ ಲೆಕ್ಕದ ಸಾಲುಗಳಲ್ಲೇ.

ಈಗ ಸಮಾವೇಶ. ಆಗಸ್ಟ್‌ನಲ್ಲಿ ನಡೆಯುತ್ತದೆ, ಮಂತ್ರಿಗಳೂ ಅವರ ಅಧಿಕಾರಿಗಳೂ ಅಲ್ಲಿಗೇ ಬರುತ್ತಾರೆ. ಭೇಟಿಗೆ ಮುಂಚೆಯೇ ಅರ್ಜಿ ಹಾಕಬೇಕು. ಸಿಕ್ಕಿದರೆ 15 ನಿಮಿಷದ ಆಸುಪಾಸು, ಅದೂ ಮಂತ್ರಿಯ ಬದಲು ನಮ್ಮ ಕರ್ನಾಟಕದ ಸಂಸದೀಯ ಕಾರ್ಯದರ್ಶಿಯಂಥವರು ಬಂದರೂ ಬಂದರು. ಬಾಗಿಲ ಹೊರಗೆ ಮುಂದಿನ ಊರಿನವರು ಫೈಲ್ ಹಿಡಿದು ನಿಂತಿರುತ್ತಾರೆ. ಕೈಕುಲುಕಿ ಹೆಸರು ಹೇಳಿಕೊಳ್ಳುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಕೌನ್ಸಿಲರ್‌ಗಳಿಗೆ ಎಲ್ಲವನ್ನೂ ಹೇಳಿಬಿಡುವ ಆಸೆ: ಆಸ್ಪತ್ರೆ, ಇಂಟರ್ನೆಟ್, ಕೆರೆ ಪಾಚಿ, ಪೊಲೀಸ್ ಬಿಲ್ಲು. ಎಲ್ಲಾ ಹೇಳಿದರೆ ಒಂದೂ ಹೇಳಿದ ಹಾಗಲ್ಲ, ಅಲ್ವಾ?

ಹಾಗಾಗಿ ನಾನು ತಯಾರು ಮಾಡುವುದು ಒಂದೇ ಹಾಳೆ. ಅದರಲ್ಲಿ ಒಂದು ಸೇತುವೆ. ಇಲ್ಲಿ ಎಂಜಿನಿಯರ್ ಎರಡು ವರ್ಷಕ್ಕೊಮ್ಮೆ ಪ್ರತಿ ಸೇತುವೆಯನ್ನೂ ಪರೀಕ್ಷೆ ಮಾಡಬೇಕು ಅಂತ ಕಾನೂನಿದೆ, ಹಾಗಾಗಿ ದಾಖಲೆ ಕೈಯಲ್ಲೇ ಇರುತ್ತದೆ. ಈಗ ಎಷ್ಟು ಟನ್‌ವರೆಗಿನ ಗಾಡಿ ಬಿಡುತ್ತಿದ್ದೇವೆ, ಶಾಲೆ ಬಸ್ಸು ಮತ್ತು ಫೈರ್ ಗಾಡಿ ಎಷ್ಟು ಸುತ್ತಿ ಬರಬೇಕು, ರಿಪೇರಿಗೆ ಎಷ್ಟು, ನಮ್ಮ ಒಂದು ವರ್ಷದ ತೆರಿಗೆ ಒಟ್ಟು ಎಷ್ಟು. ಕೊನೆಯ ಸಾಲಿನಲ್ಲಿ, ಸಂಘ ಆ ವರ್ಷ ಎಲ್ಲರ ಪರವಾಗಿ ಏನು ಕೇಳುತ್ತಿದೆಯೋ ಅದೇ ಬೇಡಿಕೆ, ಅದೇ ಮಾತಿನಲ್ಲಿ. ಇದು ಮುಖ್ಯ. ಸಂಘ ದೊಡ್ಡ ಮೊತ್ತ ಹೇಳುತ್ತದೆ, ನಾವು ಅದರಡಿ ನಿಜವಾದ ಸೇತುವೆ ಇಡುತ್ತೇವೆ. ಅದೇ ದಿನ ಬೇರೆ ಊರಿನವರು ಅದೇ ಸಾಲಿನ ಕೆಳಗೆ ತಮ್ಮ ಚರಂಡಿ ಇಟ್ಟಿರುತ್ತಾರೆ. ಸಂಜೆ ಹೊತ್ತಿಗೆ ಅದೇ ಬೇಡಿಕೆ ಮಂತ್ರಿ ಕಿವಿಗೆ ಎಷ್ಟು ಸಲ ಬಿದ್ದಿರಬೇಡ.

ಇಷ್ಟಾದರೂ ಸೋಲುವುದಿದೆ. ಒಂದು ಪರ್ಸೆಂಟ್ ನಿಯಮ ಅಂತ ಇದೆ. ಕುಡಿದು ಗಾಡಿ ಓಡಿಸಿದವನು ಅಪಘಾತ ಮಾಡಿದ ಅನ್ನಿ. ರಸ್ತೆಯ ಒಂದು ಫಲಕ ಸರಿ ಇರಲಿಲ್ಲ ಅಂತ ಕೋರ್ಟು ಮುನಿಸಿಪಾಲಿಟಿಯ ಮೇಲೆ ಶೇ 1 ತಪ್ಪು ಹೊರಿಸಿತು. ಚಾಲಕನ ಕೈಲಿ ದುಡ್ಡಿಲ್ಲ, ಇನ್ಶೂರೆನ್ಸ್ ಸಾಲದು. ಆಗ ಪರಿಹಾರದ ಬಾಕಿಯೆಲ್ಲ ನಮ್ಮಿಂದಲೇ ವಸೂಲಾಗಬಹುದು. ಇದನ್ನು ಬದಲಿಸಿ ಅಂತ ಸಂಘ 2010ರಲ್ಲೇ ವರದಿ ಕೊಟ್ಟಿತು. ಸರ್ಕಾರ 2019ರಲ್ಲಿ ಎಲ್ಲರ ಅಭಿಪ್ರಾಯ ಕೇಳಿತು. ಕಾನೂನು ಮಾತ್ರ ಹಾಗೇ ಉಳಿಯಿತು. ಗಾಯಗೊಂಡವರ ಪರ ವಕೀಲರೂ ಸುಮ್ನೆ ಕೂತಿರಲಿಲ್ಲ, ಅವರ ವಾದದಲ್ಲೂ ಹುರುಳಿದೆ: ತಪ್ಪಿಲ್ಲದೆ ಕಾಲು ಕಳೆದುಕೊಂಡವನಿಗೆ ದುಡ್ಡು ಕೊಡುವವರು ಯಾರು? ನಮ್ಮ ವಿಮೆ ಕಂತಿನ ಸಾಲು ಟೈಪ್ ಮಾಡುವಾಗೆಲ್ಲ ನನಗೆ ಎರಡೂ ಕಡೆ ಸರಿ ಅನಿಸುತ್ತದೆ.

ಇನ್ನು ಕೆಲವು ಸಲ ಸೋತ ಹಾಗೆ ಕಂಡರೂ ಮುಗಿದಿರುವುದಿಲ್ಲ. 2022ರಲ್ಲಿ ಬಿಲ್ 23 ಅನ್ನುವ ಮಸೂದೆ ಹೊಸ ಮನೆ ಕಟ್ಟುವ ಬಿಲ್ಡರ್‌ಗಳು ಕೊಡುವ ಅಭಿವೃದ್ಧಿ ಶುಲ್ಕಕ್ಕೆ ಕತ್ತರಿ ಹಾಕಿತು. ನೀರಿನ ಪೈಪು, ರಸ್ತೆ ಎಲ್ಲ ಆ ಶುಲ್ಕದಿಂದಲೇ ಆಗುವುದು. ಸದನ ಸಮಿತಿಯ ಮುಂದೆ ಮಾತಾಡಲು ಎಎಂಒಗೆ ಅವಕಾಶವನ್ನೇ ಕೊಡಲಿಲ್ಲ. ಸಂಘ ತನ್ನ ಲೆಕ್ಕವನ್ನು ಹೊರಗೆ ಹಾಕಿತು: ಒಂಬತ್ತು ವರ್ಷದಲ್ಲಿ 510 ಕೋಟಿ ಡಾಲರ್ ನಷ್ಟ. ಆಮೇಲೆ ಎಲ್ಲಾ ಊರಿನ ಬಜೆಟ್ ಸಭೆಯಲ್ಲೂ ಖಜಾಂಚಿಗಳು ತಂತಮ್ಮ ಪಾಲನ್ನು ತೋರಿಸತೊಡಗಿದರು, ತೆರಿಗೆ ಏರಿಕೆಗೆ ಕಾರಣ ಅಂತ ಜನರೆದುರೇ ಹೇಳತೊಡಗಿದರು. 2024ರಲ್ಲಿ ಬಿಲ್ 185 ಬಂದಾಗ, ಹೊಸ ಶುಲ್ಕವನ್ನು ಐದು ವರ್ಷದಲ್ಲಿ ನಿಧಾನವಾಗಿ ಜಾರಿ ಮಾಡಬೇಕೆಂಬ ಬಿಲ್ 23ರ ಷರತ್ತನ್ನು ಸರ್ಕಾರ ತೆಗೆದುಹಾಕಿತು.

ಸಂಘದ ಒಳಗಿನ ಜಗಳವೂ ಕಡಿಮೆ ಇಲ್ಲ. ದೊಡ್ಡ ನಗರ, ಸಣ್ಣ ಪಟ್ಟಣ, ಗ್ರಾಮೀಣ, ಉತ್ತರ ಭಾಗ, ಕೌಂಟಿ ಅಂತ ಬೇರೆ ಬೇರೆ ಬಣಗಳು ಆಡಳಿತ ಮಂಡಳಿಯಲ್ಲಿವೆ. ಅಭಿವೃದ್ಧಿ ಶುಲ್ಕ ಟೊರಾಂಟೊ ಸುತ್ತಮುತ್ತಲಿನವರಿಗೆ ಜೀವನ್ಮರಣದ ಪ್ರಶ್ನೆ. ಜನಸಂಖ್ಯೆ ಇಳಿಯುತ್ತಿರುವ ಉತ್ತರದ ಊರಿಗೆ ಅದು ಯಾರದೋ ಮನೆಯ ಮಾತು. ಟೊರಾಂಟೊ 2004ರಲ್ಲೇ ಹೊರಗೆ ನಡೆಯಿತು, ನಮ್ಮ ಮಾತು ನಾವೇ ಆಡುತ್ತೇವೆ ಅಂತ. ಅದಕ್ಕೆ ಆಗುತ್ತದೆ. ನಮಗೆ ಆಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಈ ಒಳಜಗಳ ಇನ್ನೂ ಚೆನ್ನಾಗಿ ಕಾಣುತ್ತದೆ. ಫೆಡರಲ್ ಸರ್ಕಾರದ ಒಂದು ನಿಧಿ ಇದೆ, ಮೊದಲು ಗ್ಯಾಸ್ ಟ್ಯಾಕ್ಸ್ ಫಂಡ್ ಅನ್ನುತ್ತಿದ್ದರು, 2021ರಲ್ಲಿ ಹೆಸರು ಬದಲಾಯಿತು. ಒಂಟಾರಿಯೊದಲ್ಲಿ ಟೊರಾಂಟೊ ಬಿಟ್ಟು ಉಳಿದ ಮುನಿಸಿಪಾಲಿಟಿಗಳಿಗೆ ಅದನ್ನು ಹಂಚುವುದು ಎಎಂಒ. ಅಂದರೆ ಹಕ್ಕು ಕೇಳುವ ಸಂಘವೇ ನಮ್ಮಿಂದ ವರ್ಷ ವರ್ಷ ಖರ್ಚಿನ ವರದಿಯನ್ನೂ ಕೇಳುತ್ತದೆ. ಆ ವರದಿ ಕಳಿಸುವುದೂ ನನ್ನ ಕೆಲಸವೇ. ಹಂಚಿಕೆ ಜನಸಂಖ್ಯೆಯ ಪ್ರಕಾರ. ನಮ್ಮಲ್ಲಿ ಜನ ಕಡಿಮೆ, ರಸ್ತೆ ಜಾಸ್ತಿ. ರಸ್ತೆಯ ಉದ್ದದ ಮೇಲೆ ಹಂಚಬೇಕು ಅನ್ನುವುದು ನಮ್ಮ ಮೇಯರ್ ವಾದ, ಪಕ್ಕದ ದೊಡ್ಡ ಪಟ್ಟಣದವರು ಅದನ್ನು ಕೇಳಿ ನಗುತ್ತಾರೆ. ಆ ಲೆಕ್ಕದಲ್ಲಿ ನಮಗೆ ಎಷ್ಟು ಬರಬಹುದು ಅಂತ ಒಂದು ಶೀಟ್ ಮಾಡಿಕೊಡಿ ಅಂದಿದ್ದಾರೆ, ಮಾಡುತ್ತಿದ್ದೇನೆ.