ಲಾರಿ ಹತ್ತುವ ಹೆಣ್ಣುಮಕ್ಕಳಿಗೆ: ಸೀಟು, ಗಾಳಿ, ನಟ್ಟು

ದಿನಚರಿ
14 ಜುಲೈ 2025, ಸೋಮವಾರ

ಲಾರಿ ಓಡಿಸಲು ಕಲಿಯುವ ಹೆಣ್ಣುಮಕ್ಕಳ ಹೊಸ ತಂಡ ಲಾರಿ ಹತ್ತುವ ವಾರವಿದು. ಪ್ರತಿ ಸಲದಂತೆ ಮೊದಲ ಪ್ರಶ್ನೆ ಬರುವುದು ಕಲಿಯಲು ಬಂದವರಿಂದಲ್ಲ, ಅವರನ್ನು ಬಿಡಲು ಬಂದವರಿಂದ: "ಇಷ್ಟು ದೊಡ್ಡ ಗಾಡಿ ತಿರುಗಿಸೋಕೆ ತೋಳಲ್ಲಿ ಬಲ ಬೇಡ್ವಾ?" ಈಗಿನ ಲಾರಿಯಲ್ಲಿ ಚಕ್ರ ತಿರುಗಿಸುವುದು ಎಂಜಿನ್ನಿನಿಂದ ಓಡುವ ಹೈಡ್ರಾಲಿಕ್ ಪಂಪು. ಬ್ರೇಕ್ ಒತ್ತುವುದು ಟ್ಯಾಂಕಿನ ಗಾಳಿ. ಕ್ಲಚ್ಚಿಗೂ ಬೂಸ್ಟರ್ ಉಂಟು. ಪವರ್ ಸ್ಟಿಯರಿಂಗ್ ಇಲ್ಲದ ಕಾಲದಲ್ಲೇ, 1918ರಿಂದ 1922ರವರೆಗೆ, ಅಮೆರಿಕದ ಫೋರ್ ವೀಲ್ ಡ್ರೈವ್ ಕಂಪನಿಯಲ್ಲಿ ಲುಯೆಲ್ಲಾ ಬೇಟ್ಸ್ ಎಂಬಾಕೆ ಲಾರಿಗಳ ಟೆಸ್ಟ್ ಡ್ರೈವರ್ ಆಗಿದ್ದರು. ತೋಳಿನ ಪ್ರಶ್ನೆ ಆಗಲೇ ಮುಗಿಯಬೇಕಿತ್ತು.

ನಿಜವಾಗಿ ಕೇಳಬೇಕಾದದ್ದು ಎರಡು. ಗಾಡಿಯನ್ನು ನಿಮ್ಮ ಮೈಗೆ ಹೊಂದಿಸಿಕೊಂಡಿದ್ದೀರಾ? ಗಾಡಿ ಏನು ಹೇಳುತ್ತಿದೆ ಎಂದು ನಿಮಗೆ ಗೊತ್ತಾಗುತ್ತದಾ?

ಸೀಟಿನಿಂದ ಶುರು ಮಾಡೋಣ. ಹೆಚ್ಚಿನವರು ಸೀಟನ್ನು ಮುಂದಕ್ಕೆಳೆದು, ಕನ್ನಡಿ ತಿರುಗಿಸಿ, ಆಯ್ತು ಅಂದುಬಿಡುತ್ತಾರೆ. ಏರ್ ಸೀಟು, ಅಂದರೆ ಗಾಳಿಯ ಮೇಲೆ ಕೂರುವ ಸೀಟಿರುವ ಗಾಡಿಯಲ್ಲಿ ಇದು ತಪ್ಪು ಕ್ರಮ. ರಾತ್ರಿ ಗಾಳಿ ಇಳಿದಿದ್ದರೆ ಬೆಳಿಗ್ಗೆ ಸೀಟು ಕುಸಿದಿರುತ್ತದೆ. ಎಂಜಿನ್ ಓಡಿ ಗಾಳಿ ತುಂಬಿದ ಮೇಲೆ ಅದು ಮೇಲೇಳುತ್ತದೆ, ಅಷ್ಟೊತ್ತಿಗೆ ನೀವು ಹೊಂದಿಸಿದ ಕನ್ನಡಿಯಲ್ಲಿ ರಸ್ತೆಯ ಬದಲು ಚಕ್ರದ ಮೇಲಿನ ಮಡ್‌ಗಾರ್ಡ್ ಕಾಣುತ್ತಿರುತ್ತದೆ. ಆದ್ದರಿಂದ ಮೊದಲು ಗಾಳಿ, ಆಮೇಲೆ ಸೀಟು, ಎಲ್ಲಕ್ಕಿಂತ ಕೊನೆಗೆ ಕನ್ನಡಿ.

ಸೊಂಟ ಸೀಟಿನ ಮೂಲೆಗೆ ತಾಗುವಂತೆ ಹಿಂದೆ ಕೂರಿ. ಹಿಮ್ಮಡಿ ನೆಲಕ್ಕೆ ತಾಗುವಷ್ಟು ಎತ್ತರ ಸಾಕು. ತೊಡೆಯ ಕೆಳಭಾಗ ಸೀಟಿನ ಅಂಚಿಗೆ ಒತ್ತಿದರೆ ಎರಡು ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕ್ಲಚ್ ಪೆಡಲ್ ಇಲ್ಲದ ಗಾಡಿಯಾದರೆ ಬ್ರೇಕಿನಲ್ಲಿ ನೋಡಿ. ಬೆನ್ನು ಸೀಟಿಗೆ ಅಂಟಿರುವಾಗಲೇ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಯ ಮೇಲೆ ಕೂರಬೇಕು, ಭುಜ ಮುಂದೆ ಬರಬಾರದು. ಬೆಲ್ಟ್ ಕುತ್ತಿಗೆಗೆ ಉಜ್ಜಿದರೆ ಬಾಗಿಲ ಕಂಬದ ಮೇಲಿನ ಕೊಂಡಿಯನ್ನು ಕೆಳಗಿಳಿಸಿ, ಅದು ಭುಜದ ನಡುವೆ ಹಾಯಬೇಕು. ಇನ್ನೊಂದು, ಬಹಳ ಜನ ನೋಡದೇ ಬಿಡುವುದು: ಕೂತವರ ತೂಕಕ್ಕೆ ಸೀಟನ್ನು ಹೊಂದಿಸುವ ಗುಂಡಿ. 100 ಕೆಜಿ ಚಾಲಕನಿಗೆ ಹೊಂದಿಸಿದ ಸೀಟಿನಲ್ಲಿ 55 ಕೆಜಿಯವರು ಕೂತರೆ ರಸ್ತೆಯಲ್ಲಿ ಹೊಂಡ ಸಿಕ್ಕಾಗಲೆಲ್ಲ ಸೀಟು ಮೇಲಿನ ತಡೆಗೆ ಬಡಿದು ಬೆನ್ನುಹುರಿಗೆ ಗುದ್ದುತ್ತದೆ. ನಾಲ್ಕು ದಿನಕ್ಕೆ "ನನಗೆ ಲಾರಿ ಆಗಿಬರಲ್ಲ" ಅನ್ನಿಸುವುದು ಎಷ್ಟೋ ಸಲ ಈ ಗುಂಡಿಯಿಂದಲೇ.

ಕಾಲು ಎಟುಕದಿದ್ದರೆ ಪೆಡಲಿಗೆ ಮರದ ತುಂಡು ಕಟ್ಟುವುದು, ಬೆನ್ನಿಗೆ ಸಡಿಲ ದಿಂಬಿಡುವುದು ಎರಡೂ ಬೇಡ. ತುಂಡು ಜಾರಿ ಪೆಡಲಿನ ಅಡಿ ಸೇರಿದರೆ ಬ್ರೇಕ್ ಇಳಿಯುವುದಿಲ್ಲ. ದಿಂಬು ಜಾರಿದರೆ ಗಟ್ಟಿ ಬ್ರೇಕ್ ಬೇಕಾದ ಹೊತ್ತಿಗೇ ನೀವು ಹಿಂದಕ್ಕೆ ಹೋಗುತ್ತೀರಿ. ಎಟುಕದ ಗಾಡಿಯನ್ನು ಎಟುಕುವುದಿಲ್ಲ ಎಂದು ಹೇಳಿ ಬೇರೆ ಗಾಡಿ ಕೇಳುವುದೇ ಸರಿ.

ಕಣ್ಣು ಕೆಳಗಿದ್ದಷ್ಟೂ ಬಾನೆಟ್ಟಿನ ಮುಂದೆ, ಕ್ಲೀನರ್ ಬಾಗಿಲಿನ ಕೆಳಗೆ ಕಾಣದ ಜಾಗ ಹೆಚ್ಚು. ಉದ್ದದ ಡ್ರೈವರ್ ಹೇಳಿದ ಅಂದಾಜು ಗಿಡ್ಡವರಿಗೆ ನಡೆಯುವುದಿಲ್ಲ. ಗಾಡಿ ನಿಂತಿರುವಾಗ ಒಬ್ಬರನ್ನು ಬಂಪರಿನ ಮುಂದೆ, ಆಮೇಲೆ ಕ್ಲೀನರ್ ಸೈಡಿನಲ್ಲಿ ಕುಕ್ಕರಗಾಲಲ್ಲಿ ಕೂರಿಸಿ. ಅವರು ಹೆಜ್ಜೆ ಹೆಜ್ಜೆಯಾಗಿ ದೂರ ಸರಿಯಲಿ, ತಲೆ ಯಾವ ಹೆಜ್ಜೆಗೆ ಕಂಡಿತೋ ಬರೆದುಕೊಳ್ಳಿ. ಬಾಗಿಲ ಮೇಲೆ ಕೆಳಮುಖವಾಗಿರುವ ಚಿಕ್ಕ ಕನ್ನಡಿ, ಮುಂದಿನ ಗಾಜಿನ ಮೇಲಿನ ಕನ್ನಡಿ ಇರುವುದು ಈ ಜಾಗಗಳಿಗೇ. ಆ ಎರಡನ್ನು ಅಲಂಕಾರ ಅಂದುಕೊಂಡವರೇ ಜಾಸ್ತಿ.

ಇನ್ನು ಗಾಳಿ. ಕಾರು ಓಡಿಸಿ ಬಂದವರಿಗೆ ಇಲ್ಲಿ ತಲೆಕೆಳಗಾಗುತ್ತದೆ. ನಿಲುಗಡೆ ಬ್ರೇಕನ್ನು ಹಿಡಿದಿಡುವುದು ಗಾಳಿಯಲ್ಲ, ಸ್ಪ್ರಿಂಗು. ಗಾಳಿ ಆ ಸ್ಪ್ರಿಂಗನ್ನು ಅದುಮಿ ಬ್ರೇಕ್ ಬಿಡಿಸುತ್ತದೆ. ಗಾಳಿ ಪೂರ್ತಿ ಸೋರಿದರೆ ಗಾಡಿ ಉರುಳಿ ಹೋಗುವುದಿಲ್ಲ, ಕಚ್ಚಿಕೊಂಡು ನಿಲ್ಲುತ್ತದೆ. ಅರೆಬರೆ ಗಾಳಿಯಲ್ಲಿ ಹೊರಟರೆ ಲೈನರ್ (ಬ್ರೇಕಿನ ಉಜ್ಜುಪಟ್ಟಿ) ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜುತ್ತಲೇ ಹೋಗಿ ಹೊಗೆ ಬರುತ್ತದೆ. ಆ ಸ್ಪ್ರಿಂಗ್ ಇರುವ ಡಬ್ಬಿಯನ್ನು ಮಾತ್ರ ಯಾರು ಏನೇ ಹೇಳಿದರೂ ಬಿಚ್ಚಬೇಡಿ. ಒಳಗೆ ಅದುಮಿ ಕೂತ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಜೀವ ಉಳಿಯುವುದು ಕಷ್ಟ.

ಬೆಳಗಿನ ಪರೀಕ್ಷೆ ಹೀಗೆ. ಚಕ್ರಕ್ಕೆ ಅಡ್ಡ ಕೊಡಿ. ಎಂಜಿನ್ ಓಡಿಸಿ ಗಾಳಿ ತುಂಬಲು ಬಿಡಿ. ಸಾಮಾನ್ಯವಾಗಿ ಗಾಳಿಯ ಒತ್ತಡ 8ರಿಂದ 10 ಬಾರ್ ನಡುವೆ, ಅಂದರೆ 116ರಿಂದ 145 ಪಿಎಸ್‌ಐ ಒಳಗೆ ಬಂದಾಗ, ಗಾಳಿಯ ತೇವ ತೆಗೆಯುವ ಡ್ರೈಯರ್ "ಪುಸ್ಸ್" ಎಂದು ಉಗುಳಿ ತುಂಬುವುದು ನಿಲ್ಲುತ್ತದೆ. ನಿಲುಗಡೆ ಬ್ರೇಕ್ ಬಿಡಿಸಿ, ಎಂಜಿನ್ ಆಫ್ ಮಾಡಿ, ಬ್ರೇಕ್ ಪೆಡಲನ್ನು ಒಂದೇ ಸಮ ಒತ್ತಿಹಿಡಿದು ಒಂದು ನಿಮಿಷ ಗಾಳಿ ಮೀಟರಿನ ಮುಳ್ಳು ನೋಡಿ. ಅಮೆರಿಕದ ಲೈಸೆನ್ಸ್ ಪರೀಕ್ಷೆಯಲ್ಲಿ ಒಂಟಿ ಲಾರಿಗೆ ನಿಮಿಷಕ್ಕೆ 3 ಪಿಎಸ್‌ಐ, ಟ್ರೈಲರ್ ಜೋಡಿಸಿದ್ದಕ್ಕೆ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಎಲ್ಲಿ ಓಡಿಸುವವರಿಗೂ ಒಳ್ಳೆ ಅಳತೆ ಅದು. ಹೆಚ್ಚು ಇಳಿದರೆ ಕಿವಿ ಕೊಟ್ಟು ಗಾಡಿ ಸುತ್ತಿ. ಸೋರಿಕೆ ಕೇಳಿದ ಕಡೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ತೋರಿಸುತ್ತದೆ. ಆಮೇಲೆ ಕೀ ಆನ್ ಮಾಡಿ, ಎಂಜಿನ್ ಬೇಡ, ಪೆಡಲನ್ನು ಒತ್ತಿ ಬಿಟ್ಟು ಮಾಡುತ್ತ ಗಾಳಿ ಇಳಿಸಿ. ಅಪಾಯದ ಮಟ್ಟಕ್ಕೆ ಬರುವ ಮೊದಲೇ ಬಜರ್ ಕೂಗಬೇಕು. ಕೂಗದ ಬಜರನ್ನು "ವೈರ್ ಹೋಗಿರಬೇಕು ಬಿಡಿ" ಎನ್ನುವವರ ಮಾತು ಕೇಳಿ ಹೊರಡಬೇಡಿ.

ಗಾಳಿ ಟ್ಯಾಂಕಿನ ಅಡಿಯ ರಿಂಗ್ ಎಳೆದಾಗ ಬರುವುದನ್ನೂ ಓದಬಹುದು. ಬರೀ ಗಾಳಿ ಬಂದರೆ ಸರಿ. ನೀರು ಚಿಮ್ಮಿದರೆ ಡ್ರೈಯರಿನ ಫಿಲ್ಟರ್ ಕೆಲಸ ಮುಗಿಸಿದೆ. ಎಣ್ಣೆ ಬೆರೆತ ಜಿಡ್ಡು ಬಂದರೆ ಗಾಳಿ ತುಂಬುವ ಕಂಪ್ರೆಸರಿನ ಒಳಗಿನ ರಿಂಗ್ ಸವೆದು ಎಂಜಿನ್ ಆಯಿಲ್ ಗಾಳಿಯ ಜೊತೆ ಹೋಗುತ್ತಿದೆ. ಇದು ವಾಲ್ವುಗಳ ರಬ್ಬರನ್ನು ಹಾಳುಮಾಡುತ್ತದೆ. ಈ ಮೂರರಲ್ಲಿ ಯಾವುದು ಬಂತು ಎಂದು ದಿನಾ ಬರೆದಿಟ್ಟ ಡ್ರೈವರಿನ ಮಾತಿಗೆ ಮೆಕ್ಯಾನಿಕ್ ಮರುಮಾತಾಡುವುದಿಲ್ಲ. ಹೊಸ ಹೆಣ್ಣುಮಗಳು ವರ್ಕ್‌ಶಾಪಿಗೆ ಹೋದಾಗ ಇದಕ್ಕೊಂದು ಬೆಲೆಯಿದೆ.

ಕಾರಿನ ಬ್ರೇಕಿನಲ್ಲಿ ಎಣ್ಣೆ ಕೂಡಲೇ ಒತ್ತುತ್ತದೆ. ಗಾಳಿ ಪೈಪಿನುದ್ದಕ್ಕೂ ಓಡಿ ಹೋಗಬೇಕು, ಸುಮಾರು 0.4 ಸೆಕೆಂಡ್ ಹಿಡಿಯುತ್ತದೆ. ಗಂಟೆಗೆ 90 ಕಿಮೀ ವೇಗದಲ್ಲಿ ಅಷ್ಟರಲ್ಲಿ ಗಾಡಿ 10 ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕ್ ಹಿಡಿಯಲು ಶುರುವಾಗುವ ಮೊದಲೇ.

ಘಾಟಿ ಇಳಿಯುವಾಗ ಇನ್ನೊಂದು ಮೋಸವಿದೆ. ಕಾರಿನಲ್ಲಿ ಬ್ರೇಕ್ ಕಾದರೆ ಪೆಡಲ್ ಮೆತ್ತಗಾಗಿ ಎಚ್ಚರಿಸಬಹುದು. ಲಾರಿಯ ಪೆಡಲ್ ಬರೀ ಒಂದು ವಾಲ್ವು. ಡ್ರಮ್ ಕೆಂಡವಾಗಿದ್ದರೂ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕಳೆಯುತ್ತದೆ. ಅದನ್ನು ಮೂಗು ಹೇಳಬೇಕು, ಕನ್ನಡಿಯಲ್ಲಿ ಕಾಣುವ ಹೊಗೆ ಹೇಳಬೇಕು. ಅಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮೊದಲು. ನಡುದಾರಿಯಲ್ಲಿ ಇಳಿಸಲು ಹೋಗಿ ಗೇರ್ ಬೀಳದಿದ್ದರೆ ನ್ಯೂಟ್ರಲ್ಲಿನಲ್ಲೇ ಉಳಿದುಬಿಡುತ್ತೀರಿ. ಎಂಜಿನ್ನಿನ ಹೊಗೆಯ ದಾರಿ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ಆ ಇಳಿಜಾರಿಗೆ ತಕ್ಕ ವೇಗ 40 ಅಂದುಕೊಳ್ಳಿ: ಮುಳ್ಳು 40ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ, ಮೂರು ಸೆಕೆಂಡಿನಷ್ಟರಲ್ಲಿ 32ಕ್ಕೆ ಇಳಿಸಿ, ಪೂರ್ತಿ ಬಿಡಿ. ಮತ್ತೆ 40 ಆಗುವವರೆಗೆ ಕಾಲು ಇಡಬೇಡಿ. ಖಾಲಿ ಗಾಡಿ, ಒದ್ದೆ ರಸ್ತೆ ಎರಡೂ ಸೇರಿದ್ದರೆ ಎಕ್ಸಾಸ್ಟ್ ಬ್ರೇಕಿಗೂ ಹಿಂದಿನ ಚಕ್ರ ಜಾರಬಹುದು, ಅಲ್ಲಿ ವೇಗವನ್ನೇ ಇನ್ನೂ ಕಡಿಮೆ ಇಟ್ಟುಕೊಳ್ಳಬೇಕು.

ತೋಳಿನ ಬಲ ಬೇಕು ಅನ್ನಿಸುವ ಜಾಗವೂ ಇದೆ, ವೀಲ್ ನಟ್ಟು. ಅಲ್ಲೂ ಲೆಕ್ಕ ಮಾಡಿ ನೋಡಿ. 22 ಎಂಎಂ ಬೋಲ್ಟಿನ ಹತ್ತು ನಟ್ಟಿನ ಚಕ್ರಕ್ಕೆ ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಬೇಕು; ನಿಮ್ಮ ಗಾಡಿಯದು ಕೈಪಿಡಿಯಲ್ಲಿರುತ್ತದೆ. ಒಂದು ಮೀಟರ್ ಉದ್ದದ ರಾಡಿನ ತುದಿಗೆ 60 ಕೆಜಿ ಭಾರ ಬಿಟ್ಟರೆ 588 ಆಗುತ್ತದೆ. ತೋಳಲ್ಲ, ರಾಡಿನ ಉದ್ದ ಮತ್ತು ಮೈಭಾರ. ಗಾಡಿ ಜಾಕಿಗೆ ಏರಿಸುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಇಲ್ಲದಿದ್ದರೆ ಚಕ್ರವೇ ತಿರುಗುತ್ತದೆ. ರಾಡ್ ನೆಲಕ್ಕೆ ಸಮಾನಾಂತರವಾಗಿ, ಒತ್ತಿದರೆ ಕೆಳಗೆ ಹೋಗುವ ಹಾಗೆ ಕೂರಿಸಿ, ಗಾಡಿ ಹಿಡಿದುಕೊಂಡು ಮೆಲ್ಲಗೆ ಭಾರ ಬಿಡಿ. ಹಾರಿ ತುಳಿಯಬೇಡಿ, ಸಾಕೆಟ್ ಜಾರಿದರೆ ಕಾಲು ಮುರಿಯುತ್ತದೆ. ಕೆಲವು ಹಳೇ ಗಾಡಿಗಳಲ್ಲಿ ಎಡಬದಿಯ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ನಟ್ಟು ಬಿಚ್ಚುವ ದಿಕ್ಕು ತಿರುವುಮುರುವು. ಎಷ್ಟು ತುಳಿದರೂ ಬಿಡುತ್ತಿಲ್ಲ ಅಂದರೆ ನೀವು ಬಿಗಿ ಮಾಡುತ್ತಿರಬಹುದು, ಬೋಲ್ಟಿನ ತುದಿಯ ಅಕ್ಷರ ನೋಡಿ.

ಚಕ್ರ ಕೂರುವ ಮುಖದಲ್ಲಿ ತುಕ್ಕು, ಪೇಂಟು, ಮಣ್ಣು ಉಳಿದರೆ ಅದು ಓಟದಲ್ಲಿ ಪುಡಿಯಾಗಿ ನಟ್ಟು ಸಡಿಲವಾಗುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿ, ಎದುರುಬದುರು ನಟ್ಟುಗಳನ್ನು ಬಿಗಿ ಮಾಡುತ್ತ ಬಂದು, ಟಾರ್ಕ್ ರೆಂಚಿನಲ್ಲಿ ಮುಗಿಸಿ. 50ರಿಂದ 100 ಕಿಮೀ ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ನಟ್ಟಿನ ಬುಡದಿಂದ ರಿಮ್ಮಿನ ಮೇಲೆ ಹರಿದ ತುಕ್ಕಿನ ಗೆರೆ ಕಂಡರೆ ಅದು ಸಡಿಲವಾಗಿದೆ ಎಂದೇ ತಿಳಿಯಿರಿ. ಸ್ಟೆಪ್ನಿ ಮಾತ್ರ ಬೇರೆ ಮಾತು: ಟೈರು ರಿಮ್ಮು ಸೇರಿ ಸುಮಾರು 100 ಕೆಜಿ. ಅದನ್ನು ಗಂಡಸರೂ ಒಬ್ಬರೇ ಎತ್ತಬಾರದು. ಉರುಳಿಸಿ ತಂದು, ಅಡಿಗೆ ಹಾರೆ ಕೊಟ್ಟು ಮೀಟಿ ಬೋಲ್ಟಿಗೆ ಸೇರಿಸುವುದು.

ಲೋಡ್ ಕಟ್ಟುವ ಬೆಲ್ಟಿನ ಬಗ್ಗೆ ಚಿಕ್ಕದಾಗಿ. ಅದರ ಚೀಟಿಯಲ್ಲಿ 2500 ಎಂದಿರುವುದು ಬೆಲ್ಟ್ ತಡೆಯುವ ಎಳೆತ. ಬೆಲ್ಟ್ ಬಿಗಿಸುವ ರಾಟ್ಚೆಟ್ ಹ್ಯಾಂಡಲ್ ಒತ್ತಿದಾಗ ಅದರಲ್ಲಿ ಹುಟ್ಟುವ ಬಿಗಿ ಅದೇ ಚೀಟಿಯ ಇನ್ನೊಂದು ಅಂಕಿ, ಎಷ್ಟೋ ಬೆಲ್ಟುಗಳಲ್ಲಿ 300ರಿಂದ 500 ಅಷ್ಟೇ. ಬೆಲ್ಟ್ ನೆಲದಿಂದ 30 ಡಿಗ್ರಿ ಓರೆಯಲ್ಲಿದ್ದರೆ ಕೆಳಮುಖದ ಒತ್ತಡ ಅದರಲ್ಲೂ ಅರ್ಧ. ತಗ್ಗಾದ ಸರಕಿಗೆ ಎರಡು ಬೆಲ್ಟ್ ಹಾಕಿ ನೆಮ್ಮದಿಯಾಗಿರುವವರು ಈ ಲೆಕ್ಕ ಮಾಡಿರುವುದಿಲ್ಲ.

ಕ್ಯಾಬಿನ್‌ನಿಂದ ಇಳಿಯುವಾಗ ಮುಖ ಗಾಡಿಯ ಕಡೆ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಸದಾ ಮೂರು ಕಡೆ ಹಿಡಿತ. ಪಾದರಕ್ಷೆ ಮುಚ್ಚಿದ್ದು, ಹಿಂಬದಿ ಬಿಗಿ ಇರುವುದು.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಶೌಚಾಲಯ ಸಿಗುವುದಿಲ್ಲ ಎಂದು ನೀರು ಕುಡಿಯದೇ ಓಡಿಸುವುದು ಈ ಕೆಲಸದಲ್ಲಿ ಹೆಂಗಸರು ಮಾಡಿಕೊಳ್ಳುವ ದೊಡ್ಡ ಹಾನಿ. ಮೊದಲು ತಲೆನೋವು, ಗಮನ ತಪ್ಪುವುದು. ದಿನಗಟ್ಟಲೆ ಹೀಗೇ ಆದರೆ ಮೂತ್ರದ ಸೋಂಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1979ರ 153ನೇ ಒಪ್ಪಂದ ಒಂದೇ ಸಮ 4 ಗಂಟೆ ಓಡಿಸಿದ ಮೇಲೆ ವಿರಾಮ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ ಎನ್ನುತ್ತದೆ. ನಮ್ಮ ಸಲಹೆ ಇನ್ನೂ ಬಿಗಿ: ಎರಡು ಎರಡೂವರೆ ಗಂಟೆಗೊಂದು ನಿಲುಗಡೆಯನ್ನು ಹೊರಡುವ ಮೊದಲೇ ಕಾಗದದಲ್ಲಿ ಗುರುತು ಹಾಕಿ, ಪ್ಯಾಡ್ ಬದಲಿಸುವುದನ್ನೂ ಅದಕ್ಕೇ ಹೊಂದಿಸಿ. ಕೈ ತೊಳೆಯಲು 5 ಲೀಟರ್ ನೀರಿನ ಕ್ಯಾನ್, ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿ, ಎರಡೂ ಕ್ಯಾಬಿನ್ ಒಳಗೇ ಇರಲಿ. ಹೊರಗಿನ ಟೂಲ್ ಬಾಕ್ಸಿನಲ್ಲಿಟ್ಟರೆ ರಾತ್ರಿ ಇಳಿಯಬೇಕಾಗುತ್ತದೆ. ನೋವಿನ ಮಾತ್ರೆ ನಿದ್ದೆ ತರಿಸುವಂಥದ್ದೋ ಎಂದು ಮೊದಲೇ ಕೇಳಿಕೊಳ್ಳಿ.

ರಾತ್ರಿ ನಿಲ್ಲಿಸುವಾಗ ಬೆಳಕಿರುವ ಕಡೆ, ಮೂತಿ ರಸ್ತೆಗೆ, ಹಿಂದಿನ ಬಾಗಿಲು ಗೋಡೆಗೆ ಹತ್ತಿರ. ರಿವರ್ಸ್ ಹಾಕದೆ ನೇರ ಹೊರಡುವಂತಿರಬೇಕು. ಎರಡೂ ಬಾಗಿಲ ಒಳಹಿಡಿಕೆಗೆ ಸೀಟ್ ಬೆಲ್ಟ್ ತೂರಿಸಿ ಲಾಕ್ ಹಾಕಿದರೆ ಹೊರಗಿನಿಂದ ಕೀ ಇದ್ದರೂ ಸುಲಭಕ್ಕೆ ತೆರೆಯದು. ಮನೆಯವರಿಗೆ ಬರೀ ಲೊಕೇಶನ್ ಕಳಿಸಿ ಪ್ರಯೋಜನವಿಲ್ಲ. ಎಷ್ಟು ಹೊತ್ತು ತಡವಾದರೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಹೇಳಿಡಿ.

ಮೊದಲ ಕೆಲಸಕ್ಕೆ ಟ್ರೈಲರಿಗಿಂತ ಒಂಟಿ ಲಾರಿ, ಹಗಲಲ್ಲಿ ಹೋಗಿ ಬರುವ ರೂಟು ಒಳ್ಳೆಯದು. ರಿವರ್ಸ್ ಪಳಗುವುದು ಅಲ್ಲೇ. ಮಾಲೀಕರ ಹತ್ತಿರ ಸಂಬಳದ ಜೊತೆಗೇ ಕೇಳಬೇಕಾದದ್ದಿದೆ. ಲೋಡಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯಾ? ಲೋಡ್ ಇಳಿಸುವುದು ಯಾರು? ಸರಕಿಗಾಗಿ ಕಾಯುವ ಗಂಟೆಗಳನ್ನು ಕೆಲಸದ ಲೆಕ್ಕಕ್ಕೆ ಹಿಡಿಯುತ್ತೀರಾ? ರಾತ್ರಿ ಪಂಚರ್ ಆದರೆ ಯಾರು ಬರುತ್ತಾರೆ? ಕೊನೆಯ ಪ್ರಶ್ನೆಗೆ "ನೋಡೋಣ" ಎಂಬ ಉತ್ತರ ಬಂದರೆ, ಯಾರೂ ಬರುವುದಿಲ್ಲ ಎಂದರ್ಥ.

ನಾಳೆ ಟ್ರೈಲರ್ ಜೋಡಣೆ. ಎಲ್ಲರೂ ಟಾರ್ಚ್ ತರಬೇಕು. ಕೊಂಡಿ ಬಿದ್ದ ಸದ್ದು ಕೇಳಿತು, ಎಳೆದು ನೋಡಿದೆವು ಎಂದರೆ ಸಾಲದು. ಕಿಂಗ್‌ಪಿನ್ (ಟ್ರೈಲರಿನ ಅಡಿಯ ಗೂಟ) ಸುತ್ತ ಲಾರಿಯ ಕೊಂಡಿಯ ದವಡೆ ಕೂಡಿದೆಯಾ ಎಂದು ಬಗ್ಗಿ ನೋಡಬೇಕು, ಅಲ್ಲಿ ಹಗಲಲ್ಲೂ ಕತ್ತಲೆ.