ಮೂರು ಪಾಳಿ ಮತ್ತು ಒಂದು ಹಳೇ ಮನೆ

ಮನೆ ರಿಪೇರಿ ಬಗ್ಗೆ ಯಾರನ್ನು ಕೇಳಿದರೂ "ಭಾನುವಾರ ಇಟ್ಟುಕೊಳ್ಳಿ" ಅನ್ನುತ್ತಾರೆ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ರಾತ್ರಿಯದ್ದು 8ರಿಂದ ಮರುದಿನ ಬೆಳಗ್ಗೆ 8. ರಜೆ ಯಾವತ್ತು ಅಂತ ಡ್ಯೂಟಿ ಪಟ್ಟಿ ಬಂದ ಮೇಲೇ ಗೊತ್ತಾಗುವುದು. ಆ ಒಂದು ದಿನದಲ್ಲಿ ಬಟ್ಟೆ ಒಗೆಯುವುದು, ರೇಷನ್, ಮಗಳ ಶಾಲೆ, ನೆಂಟರ ಮನೆ ಮದುವೆ ಮುಂಜಿ ಎಲ್ಲ ಮುಗಿಯಬೇಕು. ನಮ್ಮವರು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, ಮನೆ ಸೇರುವಾಗ ಕತ್ತಲಾಗಿರುತ್ತದೆ. ಮನೆ ಇರುವುದು ಶಿವಮೊಗ್ಗದಲ್ಲಿ, ಮಾವನವರು ಕಟ್ಟಿಸಿದ್ದು. ಮುಂದೆ ತಾರಸಿ, ಹಿಂದೆ ಅಡುಗೆಮನೆ ಮತ್ತು ಬಚ್ಚಲಿನ ಮೇಲೆ ಮಂಗಳೂರು ಹೆಂಚು. ಹಳೇ ಮನೆ ಅಂದ ಮೇಲೆ ಏನಾದರೊಂದು ಕೈ ಕೊಡುತ್ತಲೇ ಇರುತ್ತದೆ, ಅಲ್ವಾ?

ಹಾಗಂತ ಸಣ್ಣಪುಟ್ಟ ಕೆಲಸ ಯಾವುದನ್ನೂ ನಾವು ವರ್ಷಗಟ್ಟಲೆ ಬಿಟ್ಟಿಲ್ಲ. ಇಂಥ ಕೆಲಸಗಳಲ್ಲಿ ಕೈಯಾಡಿಸುವ ಹೊತ್ತು ಕಡಿಮೆ, ಕಾಯುವ ಹೊತ್ತೇ ಜಾಸ್ತಿ. ಎಂ-ಸೀಲ್‌ನ ಎರಡು ಉಂಡೆ ಸೇರಿಸಿ ಒಂದೇ ಬಣ್ಣ ಬರುವವರೆಗೆ ನಾದಿ ಹಚ್ಚುವುದು ಹತ್ತು ನಿಮಿಷದ ಮಾತು. ಅದು ಕಲ್ಲಾಗಲು ಗಂಟೆಗಟ್ಟಲೆ ಬೇಕು. ಎಣ್ಣೆ ಪೇಂಟ್ ಒಣಗಲು ಒಂದು ರಾತ್ರಿ ಬೇಕು. ಬಚ್ಚಲ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಒಂದು ದಿನವಾದರೂ ಅಲ್ಲಿ ನೀರು ಬಳಸಬಾರದು. ಈ ಕಾಯುವ ಹೊತ್ತಿನಲ್ಲಿ ನಾನು ಅಲ್ಲೇ ನಿಂತಿರಬೇಕಾಗಿಲ್ಲ. ವಾರ್ಡಿನಲ್ಲಿ ಇದ್ದರೂ ಅದು ಒಣಗುತ್ತದೆ. ಹೀಗಾಗಿ ರಜೆ ದಿನಕ್ಕೆ ಅಂತ ಯಾವ ಕೆಲಸವನ್ನೂ ನಾನು ಎತ್ತಿಡುವುದಿಲ್ಲ. ಡ್ಯೂಟಿಗೆ ಹೊರಡುವ ಮುಂಚಿನ ಅರ್ಧ ಗಂಟೆಯಲ್ಲಿ ಕೈ ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡು ಹೋಗುತ್ತೇನೆ.

ಬಚ್ಚಲ ನಲ್ಲಿಯದನ್ನೇ ಹೇಳುತ್ತೇನೆ. ಅದು ತೊಟ್ಟಿಕ್ಕಲು ಶುರುವಾದಾಗ "ಒಂದೊಂದೇ ಹನಿ ತಾನೇ" ಅಂದರು ಇವರು. ರೋಗಿಗಳಿಗೆ ಗ್ಲೂಕೋಸ್ ಹಾಕುವ ನಮ್ಮ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಎಂ.ಎಲ್. ನಲ್ಲಿಯ ಹನಿ ಅದಕ್ಕಿಂತ ಸಣ್ಣದೇನಲ್ಲ. ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿಮಿಷಕ್ಕೆ 3 ಎಂ.ಎಲ್., ಗಂಟೆಗೆ 180. ದಿನಕ್ಕೆ ಕಡಿಮೆ ಅಂದರೂ 4 ಲೀಟರ್. ಅದು ಕುಡಿಯುವ ನೀರು. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರನ್ನು ನೋಡಿದವರಿಗೆ 4 ಲೀಟರ್ ಸಣ್ಣದಲ್ಲ.

ಹಳೇ ತರದ, ಸುತ್ತು ಸುತ್ತಾಗಿ ತಿರುಗಿಸುವ ನಲ್ಲಿಯಾದರೆ ಮುಕ್ಕಾಲು ಪಾಲು ಕಾರಣ ಒಳಗಿನ ರಬ್ಬರ್ ವಾಷರ್. ಮಧ್ಯಾಹ್ನದ ಪಾಳಿ ಇದ್ದ ದಿನ, ಎಲ್ಲರ ಸ್ನಾನ ಆದ ಮೇಲೆ ಪೈಪಿಗೆ ನೀರು ಬರುವುದನ್ನು ನಿಲ್ಲಿಸುವ ಗೇಟ್ ವಾಲ್ವ್ ಮುಚ್ಚಿದೆ. ನಲ್ಲಿ ಬಿಟ್ಟು ಪೈಪಿನಲ್ಲಿ ಉಳಿದ ನೀರು ಹೋಗಲಿ ಅಂತ ಕಾದೆ. ಮೇಲಿನ ಹೊಳಪು ಗೀರಾಗದಂತೆ ಹಳೇ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿದರೆ ತಲೆ ಬಿಚ್ಚಿಕೊಂಡು ಬರುತ್ತದೆ. ತುದಿಯಲ್ಲಿ ಕರಿ ವಾಷರ್. ಹೊಸದಾಗಿದ್ದಾಗ ಚಪ್ಪಟೆಯಾಗಿದ್ದದ್ದು ಈಗ ಉಂಗುರ ಒತ್ತಿದ ಹಾಗೆ ದುಂಡಗೆ ತಗ್ಗು ಬಿದ್ದಿರುತ್ತದೆ, ಒಂದು ಕಡೆ ಸಣ್ಣ ಸೀಳು. ಆ ಸೀಳಿನಲ್ಲೇ ನೀರು ದಾರಿ ಮಾಡಿಕೊಂಡಿರುವುದು. ಹೊಸ ವಾಷರ್ ಕೂರಿಸಿ ತಲೆ ಬಿಗಿದರೆ ಮುಗಿಯಿತು. ಅರ್ಧ ಇಂಚಿನ ವಾಷರ್ ಕೆಲವು ರೂಪಾಯಿಯದ್ದು, ಒಂದಷ್ಟು ತಂದಿಟ್ಟುಕೊಂಡರೆ ಅಂಗಡಿಗೆ ಓಡುವುದು ತಪ್ಪುತ್ತದೆ.

ಕಾಲು ಸುತ್ತಿಗೇ ಪೂರ್ತಿ ತೆರೆಯುವ ಈಗಿನ ನಲ್ಲಿಗಳು ಬೇರೆ. ಅದರೊಳಗೆ ವಾಷರ್ ಬದಲು ಸೆರಾಮಿಕ್ ಬಿಲ್ಲೆ ಇರುವ ಕಾರ್ಟ್ರಿಜ್ ಇರುತ್ತದೆ. ಕಂಪನಿಗೊಂದು ಅಳತೆ. ಹಳೆಯದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯವರು "ಯಾವ ಕಂಪನಿದು ಅಕ್ಕ, ಎಷ್ಟು ಹಲ್ಲಿಂದು?" ಅಂತ ಕೇಳಿದಾಗ ಉತ್ತರ ಇರುವುದಿಲ್ಲ. "ನೋಡಣ್ಣ, ಇದೇ" ಅಂತ ಕೌಂಟರ್ ಮೇಲೆ ಇಟ್ಟರೆ ಎರಡು ನಿಮಿಷದ ವ್ಯಾಪಾರ. ಬೆಳಗಿನ ಪಾಳಿ ಮುಗಿಸಿ ಬರುವಾಗ ಅಂಗಡಿ ದಾರಿಯಲ್ಲೇ ಸಿಗುವುದರಿಂದ ಸಾಮಾನು ತರುವ ಕೆಲಸವೆಲ್ಲ ಆ ವಾರಕ್ಕೆ.

ಸಾಮಾನು ಅಂದರೆ ದೊಡ್ಡದೇನಿಲ್ಲ. ಒಂದು ಬಿಸ್ಕತ್ ಡಬ್ಬದಲ್ಲಿ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಬಿಗಿ ಸಡಿಲ ಮಾಡುವ ಸ್ಪ್ಯಾನರ್, ಟೆಫ್ಲಾನ್ ಟೇಪ್, ಎಂ-ಸೀಲ್, ಉಪ್ಪುಕಾಗದ, ಪೆನ್ಸಿಲ್. ಡ್ರೆಸ್ಸಿಂಗ್ ಟ್ರಾಲಿ ಹಾಗೆ, ಬೇಕಾದ್ದೆಲ್ಲ ಕೈಗೆಟುಕುವಂತೆ ಇಟ್ಟುಕೊಂಡೇ ಶುರು ಮಾಡುವುದು. ಇಪ್ಪತ್ತು ನಿಮಿಷದ ಕೆಲಸದಲ್ಲಿ ಹದಿನೈದು ನಿಮಿಷ ಸ್ಕ್ರೂಡ್ರೈವರ್ ಹುಡುಕುತ್ತಾ ಕಳೆದರೆ ಯಾರಿಗೆ ಉತ್ಸಾಹ ಉಳಿಯುತ್ತದೆ?

ಕಿಟಕಿ ಗ್ರಿಲ್ ಕೆಲಸದಲ್ಲಿ ನಮಗೆ ದಾರಿ ತೋರಿಸಿದ್ದು ಹ್ಯಾಂಡ್‌ಓವರ್. ಪಾಳಿ ಬದಲಾಗುವಾಗ ಯಾವ ರೋಗಿಗೆ ಏನು ಆಗಿದೆ, ಏನು ಬಾಕಿ ಇದೆ ಅಂತ ಬರೆದು, ಬಾಯಲ್ಲೂ ಹೇಳಿ ಬರುತ್ತೇವೆ. ಬಂದವರು ಅಲ್ಲಿಂದ ಮುಂದುವರಿಸುತ್ತಾರೆ. ನಾನು ಮತ್ತು ನಮ್ಮವರು ಒಟ್ಟಿಗೆ ಮನೆಯಲ್ಲಿ ಎಚ್ಚರವಿರುವ ಹೊತ್ತು ಕಡಿಮೆ. ಅದಕ್ಕೇ ಫ್ರಿಜ್ ಮೇಲೆ ಚೀಟಿ ಅಂಟಿಸುತ್ತೇವೆ. "ಬೀದಿ ಕಡೆ ಕಿಟಕಿ: ತುಕ್ಕು ಉಜ್ಜಿ ಒರೆಸಿ ಆಯ್ತು. ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟ್, ಮಧ್ಯಾಹ್ನ 12.30ಕ್ಕೆ. ಇವತ್ತು ಮುಟ್ಟಬೇಡಿ. ಬ್ರಷ್ ಟರ್ಪೆಂಟೈನ್‌ನಲ್ಲಿದೆ." ಮರುದಿನ ಬೆಳಗ್ಗೆ ಇವರು ಕಾಫಿ ಕುಡಿದು ಎನಾಮಲ್ ಒಂದು ಕೋಟ್ ಹೊಡೆದು ಆಫೀಸಿಗೆ ಹೋಗುತ್ತಾರೆ. ಎಲ್ಲ ಕಿಟಕಿ ಒಂದೇ ದಿನ ಅಂತ ಹಟ ಹಿಡಿಯಲಿಲ್ಲ. ಒಂದು ಕಿಟಕಿ ಪೂರ್ತಿ ಆದ ಮೇಲೇ ಇನ್ನೊಂದು. ಅರ್ಧ ಉಜ್ಜಿ ಬಿಟ್ಟ ಕಬ್ಬಿಣ ನಮ್ಮೂರ ಹವೆಗೆ ಬೇಗ ಮತ್ತೆ ತುಕ್ಕು ಹಿಡಿಯುತ್ತದೆ.

ಕೆಲವು ಕೆಲಸಕ್ಕೆ ಗಡಿಯಾರ ನೋಡಿದರೆ ಸಾಲದು, ತಿಂಗಳು ನೋಡಬೇಕು. ಹಿತ್ತಿಲ ಬಾಗಿಲು ಪ್ರತಿ ಮಳೆಗಾಲದಲ್ಲೂ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಜುಲೈನಲ್ಲಿ ಸಿಟ್ಟು ಬಂದು ಹತ್ತರಿ ಹೊಡೆಸಿದರೆ ಮಾರ್ಚ್‌ನಲ್ಲಿ ಮರ ಒಣಗಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಮಳೆಗಾಲದಲ್ಲಿ ನಾವು ಮಾಡುವುದು ಎರಡೇ. ಎಲ್ಲಿ ಕಚ್ಚುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುವುದು, ಆ ಅಂಚಿಗೆ ಮೇಣದಬತ್ತಿ ಉಜ್ಜುವುದು. ಆ ಗುರುತು ನೋಡಿಕೊಂಡು ಬೇಸಿಗೆಯಲ್ಲಿ ಆಚಾರ್ರು ಬಂದು ಎಷ್ಟು ಬೇಕೋ ಅಷ್ಟೇ ತೆಗೆದರು. ಮುಖ್ಯ ಕೆಲಸ ಅದರ ನಂತರದ್ದು. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಯಾರೂ ಪೇಂಟ್ ಹೊಡೆಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲವಲ್ಲ. ತೇವ ಹೀರುವುದೇ ಅಲ್ಲಿಂದ. ಬಾಗಿಲು ಕಳಚಿದ್ದಾಗಲೇ ಆ ಎರಡೂ ಅಂಚಿಗೆ ಪೇಂಟ್ ಕುಡಿಸಿದೆವು. ಹೋದ ಮಳೆಗಾಲದಲ್ಲಿ ಬಾಗಿಲು ಸಲೀಸಾಗಿ ಆಡಿತು.

ಎಲ್ಲಕ್ಕಿಂತ ನನಗೆ ಸಮಾಧಾನ ಕೊಟ್ಟ ಕೆಲಸ ಬಚ್ಚಲಿನ ಗೋಡೆಗೆ ಹಾಕಿದ ಹಿಡಿಕೆ. ನಾನಿರುವುದು ಮೂಳೆ ವಾರ್ಡಿನಲ್ಲಿ. ಬಚ್ಚಲಲ್ಲಿ ಜಾರಿ ಸೊಂಟದ ಹತ್ತಿರ ಮೂಳೆ ಮುರಿದುಕೊಂಡು ಬರುವ ವಯಸ್ಸಾದವರನ್ನು ನೋಡಿ ನೋಡಿ ಅತ್ತೆ ಸ್ನಾನಕ್ಕೆ ಹೋದಾಗಲೆಲ್ಲ ನನ್ನ ಕಿವಿ ಆ ಕಡೆಗೇ ಇರುತ್ತಿತ್ತು. ಅವರು ಎದ್ದೇಳುವಾಗ ಟವೆಲ್ ರಾಡ್ ಹಿಡಿಯುತ್ತಿದ್ದರು. ಟವೆಲ್ ರಾಡ್ ಟವೆಲ್ ಹೊರಲಿಕ್ಕೆ ಇರುವುದು, ಮನುಷ್ಯರ ಭಾರಕ್ಕಲ್ಲ. "ನಂಗ್ಯಾಕೆ ಇದೆಲ್ಲ, ಗೋಡೆ ಹಿಡ್ಕೋತೀನಿ ಬಿಡು" ಅಂದರು. "ಒದ್ದೆ ಗೋಡೆ ಕೈಗೆ ಸಿಗಲ್ಲ ಅತ್ತೆ" ಅಂದೆ.

ಮೊದಲ ದಿನ ಅಳತೆ ಮಾತ್ರ. ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಎದ್ದೇಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಬರೀ ಗಾಳಿ ಹಿಡಿತದಲ್ಲಿ ಟೈಲ್ಸ್‌ಗೆ ಕಚ್ಚಿಕೊಳ್ಳುವ ಹಿಡಿಕೆ ಸಿಗುತ್ತದೆ, ಅದು ಬೇಡವೇ ಬೇಡ. ಸ್ಕ್ರೂ ಹಾಕುವ ಸ್ಟೀಲಿನದ್ದೇ ತಂದೆ. ಡ್ರಿಲ್ ಪಕ್ಕದ ಮನೆಯವರದ್ದು. ಟೇಪ್ ಮೇಲೇ ಗುರುತು ಹಾಕಿದ್ದರಿಂದ ಬಿಟ್ ಜಾರಲಿಲ್ಲ. ಟೈಲ್ಸ್ ತೂತಾಗುವವರೆಗೆ ಡ್ರಿಲ್‌ನ ಹ್ಯಾಮರ್, ಅಂದರೆ ಕುಟ್ಟುತ್ತಾ ಕೊರೆಯುವ ಸ್ವಿಚ್, ಆಫ್ ಇರಬೇಕು, ನಿಧಾನವಾಗಿ ತಿರುಗಿಸಬೇಕು. ಪುಡಿಯ ಬಣ್ಣ ನೋಡುತ್ತಿದ್ದರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಮೊದಲು ಟೈಲ್ಸಿನ ಪುಡಿ ಬಂತು, ಆಮೇಲೆ ಬೂದು ಬಣ್ಣದ ಸಿಮೆಂಟ್, ಆಮೇಲೆ ಕೆಂಪು ಇಟ್ಟಿಗೆ. ಟೈಲ್ಸ್ ದಾಟಿದ ಮೇಲೆ ಹ್ಯಾಮರ್ ಆನ್ ಮಾಡಿದೆವು. ಪುಡಿ ತೆಗೆದು, ಸ್ಕ್ರೂ ಹಿಡಿದುಕೊಳ್ಳುವ ಪ್ಲಗ್ ತೂತಿನಲ್ಲಿ ಕೂರಿಸಿ, ಸ್ಕ್ರೂ ಬಿಗಿದು, ಬುಡಕ್ಕೆ ನೀರು ಇಳಿಯದ ಹಾಗೆ ಸುತ್ತ ಸಿಲಿಕೋನ್ ಹಚ್ಚಿದೆವು. ಸಿಲಿಕೋನ್‌ಗೆ ಒಂದು ದಿನ ಬೇಕು. ಅದಕ್ಕೇ ಎಲ್ಲರ ಸ್ನಾನ ಮುಗಿದ ಮೇಲೆ, ನಾನು ರಾತ್ರಿ ಪಾಳಿಗೆ ಹೊರಡುವ ಮುಂಚೆ ಹಚ್ಚಿದ್ದು. ಮರುದಿನ ಅತ್ತೆಯನ್ನು ಬಿಡುವ ಮೊದಲು ನಾನು, ಆಮೇಲೆ ಇವರು, ಪೂರ್ತಿ ಭಾರ ಹಾಕಿ ಜಗ್ಗಿ ನೋಡಿದೆವು. ಅಲ್ಲಾಡಲಿಲ್ಲ. ಇದು ಗಟ್ಟಿ ಇಟ್ಟಿಗೆ ಗೋಡೆಯ ಮಾತು. ಟೊಳ್ಳು ಬ್ಲಾಕಿನ ಗೋಡೆಯಾದರೆ ಸಾದಾ ಪ್ಲಗ್ ಹಿಡಿಯುವುದಿಲ್ಲ, ತಿಳಿದವರನ್ನು ಕರೆಯಿಸಿ.

ರಾತ್ರಿ ಪಾಳಿ ಮುಗಿಸಿ ಬಂದ ದಿನ ಮಾತ್ರ ನಾನು ಏಣಿ, ಡ್ರಿಲ್ ಯಾವುದನ್ನೂ ಮುಟ್ಟುವುದಿಲ್ಲ. ನಿದ್ದೆಗೆಟ್ಟ ಕೈಗೆ ಇನ್ನೊಂದು ದಿನ ಇದ್ದೇ ಇದೆ. ವೈರಿಂಗ್ ಕೆಲಸಕ್ಕೆ ಯಾವತ್ತಿದ್ದರೂ ಎಲೆಕ್ಟ್ರಿಷಿಯನ್ನೇ ಬೇಕು. ಟ್ರಿಪ್ ಆದ ಸ್ವಿಚ್ ಒಮ್ಮೆ ಎತ್ತಿದ ಮೇಲೂ ಮತ್ತೆ ಬಿದ್ದರೆ ಅದನ್ನು ಬಲವಂತ ಮಾಡಬಾರದು, ಫೋನ್ ಮಾಡಬೇಕು. ಹೆಂಚಿನ ಮೇಲೂ ನಾವು ಹತ್ತುವುದಿಲ್ಲ. ಏಪ್ರಿಲ್ ಕೊನೆಗೆ ಆಳು ಕರೆಸಿ ಹೆಂಚು ಕೈಯಾಡಿಸುತ್ತೇವೆ. ಮೇ ಮಧ್ಯದವರೆಗೆ ಬಿಟ್ಟರೆ ಎಲ್ಲರ ಮನೆಗೂ ಅವರೇ ಬೇಕಾಗಿ ಯಾರೂ ಸಿಗುವುದಿಲ್ಲ.

ಪ್ಲಂಬರ್ ವಿಷಯವೂ ಹಾಗೇ. ಒಂದು ಪೈಪ್ ಸೋರುತ್ತಿದೆ ಅಂದರೆ "ನಾಳೆ ಬರ್ತೀನಿ ಮೇಡಂ" ಅನ್ನುತ್ತಾರೆ, ಆ ನಾಳೆ ಬರುವುದು ತಡ. ಅವರದ್ದೂ ತಪ್ಪಲ್ಲ, ಅಷ್ಟಕ್ಕೆ ಬಂದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ನಮ್ಮ ಕೈಲಾಗದ್ದನ್ನೆಲ್ಲ ಚೀಟಿಯಲ್ಲಿ ಬೇರೆ ಬರೆದಿಡುತ್ತೇವೆ. ಈಗ ಅದರಲ್ಲಿ ಟ್ಯಾಂಕಿನ ಬಾಲ್ ವಾಲ್ವ್, ಸಿಂಕ್ ಕೆಳಗಿನ ಪೈಪ್, ಫ್ಲಶ್ ಟ್ಯಾಂಕ್ ಸೋರಿಕೆ ಮೂರೂ ಇವೆ. ಮೂರೂ ಹೇಳಿ, ಸಾಮಾನಿನ ಫೋಟೋ ಕಳಿಸಿದ್ದಕ್ಕೆ ಗುರುವಾರ ಬೆಳಗ್ಗೆ ಹತ್ತಕ್ಕೆ ಬರುವುದಾಗಿ ಒಪ್ಪಿದ್ದಾರೆ. ಅವತ್ತು ನನಗೆ ಮಧ್ಯಾಹ್ನದ ಪಾಳಿ.